ಆ ಕಹಿ ಇತ್ತು, ಪುಟ್ಟಿ

ಪ್ರೀತಿಯ ಪುಟ್ಟಿ,

ಭಾನುವಾರ ನೀನು ಫೋನ್ ಕುಕ್ಕಿದ್ದು ಸರಿಯಾಗೇ ಇತ್ತು. ಜ್ವರ ಬಿಟ್ಟು ಮೂರು ವಾರವಾದರೂ ಏನು ತಿಂದರೂ ರಟ್ಟು ಅಗಿದ ಹಾಗಿದೆ ಅಂದೆ. ನಾನು "ಎಲ್ಲ ಮನಸ್ಸಿನದು, ಕಣ್ಣು ಮುಚ್ಚಿ ತಿನ್ನು" ಅಂದುಬಿಟ್ಟೆ. "ನನ್ನ ಬಾಯಲ್ಲಿ ಏನಾಗ್ತಿದೆ ಅಂತ ನಿಮಗೆ ಯಾವತ್ತು ಗೊತ್ತಿತ್ತಪ್ಪಾ?" ಅಂದೆಯಲ್ಲ, ಯಾವ ದಿನದ ಲೆಕ್ಕ ತೆಗೆದೆ ಅಂತ ತಕ್ಷಣ ಗೊತ್ತಾಯಿತು.

ಆ ಸಂಜೆಯನ್ನು ಮತ್ತೆ ಹೇಳುವುದಿಲ್ಲ. ಆದರೆ ಆ ತಟ್ಟೆ ಕಣ್ಣಿಂದ ಹೋಗುತ್ತಿಲ್ಲ. ಕೋಸಿನ ಜಾತಿಯ ತರಕಾರಿ, ಆರಿ ತಣ್ಣಗಾಗಿ ತಟ್ಟೆಯ ಅಂಚಿಗೆ ಸರಿದಿತ್ತು. ಆರು ವರ್ಷದ ನೀನು ಕಹಿ ಅಂದೆ. ನಾನು ಒಂದು ತುತ್ತು ತಿಂದು "ಎಲ್ಲಿದೆ ಕಹಿ?" ಅಂದೆ. ಇನ್ನೊಂದು ತುತ್ತು ತಿಂದೆ, ಕೇಸು ಗೆದ್ದವನ ಹಾಗೆ.

ಫೋನಿನ ಮಾತನ್ನು ಜೀವಶಾಸ್ತ್ರ ಕಲಿಸುವ ಗೆಳೆಯನ ಹತ್ತಿರ ಹೇಳಿಕೊಂಡೆ. ಅವನು ಸಮಾಧಾನವನ್ನೂ ಹೇಳಲಿಲ್ಲ, ಎರಡು ಕಾಗದದ ಚೂರು ಕೊಟ್ಟು ಕಳಿಸಿದ. ಪಿಟಿಸಿ ಅನ್ನುವ ರಾಸಾಯನಿಕ ಸವರಿದ್ದು. ನನ್ನ ನಾಲಿಗೆಗೆ ಬರೀ ಕಾಗದ. ನಿನ್ನಮ್ಮ ಇಟ್ಟುಕೊಂಡ ಕ್ಷಣವೇ ಸಿಂಕಿಗೆ ಓಡಿದಳು. ಎರಡು ಲೋಟ ನೀರು ಮುಕ್ಕಳಿಸಿದರೂ ಮುಖ ಹುಳ್ಳಗೇ ಇತ್ತು.

1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞ ಇದೇ ಪುಡಿಯನ್ನು ಸುರಿಯುವಾಗ ಧೂಳು ಹಾರಿತಂತೆ. ಪಕ್ಕದವನು ಬಾಯೆಲ್ಲ ಕಹಿ ಅಂದ, ಫಾಕ್ಸ್ ಏನೂ ಇಲ್ಲ ಅಂದ. ವಾದ ಹತ್ತಿತು. ಆದರೆ ಅವರು ನನ್ನ ಹಾಗೆ ತಟ್ಟೆ ಮುಂದೆ ಯಾರನ್ನೂ ಕೂರಿಸಲಿಲ್ಲ, ಇಬ್ಬರೂ ಮತ್ತೆ ನೆಕ್ಕಿ ನೋಡಿದರು. ಇಬ್ಬರದ್ದೂ ನಿಜವಾಗಿತ್ತು. ನಾಲಿಗೆಯಲ್ಲಿ ಕಹಿ ಹಿಡಿಯುವ ಪ್ರೋಟೀನುಗಳಿವೆ, ಗ್ರಾಹಕಗಳು ಅಂತಾರೆ; ಮನುಷ್ಯರಲ್ಲಿ ಸುಮಾರು 25 ಬಗೆ. ಅದರಲ್ಲೊಂದರ ಜೀನು ಕೆಲವರಲ್ಲಿ ಈ ಕಹಿಗೆ ಕಿವುಡು. ಕೋಸಿನ ಜಾತಿಯಲ್ಲೂ ಅದೇ ಗ್ರಾಹಕಕ್ಕೆ ತಾಗುವ ವಸ್ತುಗಳಿವೆ. ನಿನಗೆ ಬಂದಿರುವುದು ಅಮ್ಮನ ನಾಲಿಗೆ. ನನ್ನ ಬಾಯಿಗೆ ಇಲ್ಲದ ಕಹಿಯನ್ನು ನಾನು ಅಷ್ಟು ಧೈರ್ಯವಾಗಿ ನುಂಗಿ ತೋರಿಸಿದ್ದು!

ಕೊನೆಗೆ ಅಮ್ಮ ಬಂದು ಒಂದು ಚಿಟಿಕೆ ಉಪ್ಪು ಉದುರಿಸಿದಳು, ನೀನು ಅರ್ಧ ತಿಂದೆ. ಅದನ್ನು ಇಷ್ಟು ವರ್ಷ ನನ್ನ ಶಿಸ್ತಿನ ಫಲ ಅಂತ ನಂಬಿಕೊಂಡಿದ್ದೆ. ಉಪ್ಪು ಕಹಿಯನ್ನು ಅಡಗಿಸುತ್ತದಂತೆ. ಅಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ನಿನ್ನನ್ನು ನಂಬಿದ್ದಳು, ಅಷ್ಟೇ.

ತಪ್ಪಾಯಿತು ಮಗಳೇ.

ಈಗಿನದಕ್ಕೆ ಬರುತ್ತೇನೆ. ಕೆಟ್ಟಿರುವುದು ನಾಲಿಗೆ ಅಲ್ಲ, ಮೂಗು ಅಂತ ನನ್ನ ಅನುಮಾನ. (ನೋಡು, ಮತ್ತೆ ನಿನ್ನ ಬಾಯಿಯ ವಿಷಯ ನಾನೇ ಹೇಳಹೊರಟೆ.) ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು 1908ರಲ್ಲಿ ಜಪಾನಿನ ಇಕೆಡಾ ಹೆಸರಿಟ್ಟ ಉಮಾಮಿ. ಮಿಕ್ಕಿದ್ದೆಲ್ಲ ವಾಸನೆ. ಅಗಿಯುವಾಗ ಅದು ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ, ನಾವು ರುಚಿ ಅಂತ ಹೆಸರು ಮಾತ್ರ ನಾಲಿಗೆಗೆ ಕೊಡುತ್ತೇವೆ. ಖಾರ ಮಾತ್ರ ಹತ್ತುತ್ತದೆ ಅಂದೆಯಲ್ಲ, ಅದು ರುಚಿಯೇ ಅಲ್ಲ; ಉರಿ, ನೋವು ತಿಳಿಸುವ ನರದ ಕೆಲಸ. ಒಂದೊಂದು ರುಚಿಮೊಗ್ಗಿನಲ್ಲಿ 50ರಿಂದ 100 ಜೀವಕೋಶ ಇರುತ್ತವೆ, ಹೆಚ್ಚಿನವು ಹತ್ತು ಹದಿನೈದು ದಿನಕ್ಕೆಲ್ಲ ಹೊಸದಾಗುತ್ತವೆ. ಮೂಗಿಗೆ ತಿಂಗಳುಗಟ್ಟಲೆ ಹಿಡಿಯಬಹುದು.

ಇಎನ್‌ಟಿ ಡಾಕ್ಟರ ಹತ್ತಿರ ಹೋಗು. ಮೂಗಿಗೂ ವ್ಯಾಯಾಮ ಇದೆ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕನ್ನೂ ಬೆಳಿಗ್ಗೆ ಸಂಜೆ ಒಂದೊಂದಾಗಿ ಮೂಸಬೇಕು, ಕನಿಷ್ಠ 12 ವಾರ. ಹಾಲು ಕೆಟ್ಟಿದ್ದು ನಿನಗೆ ಗೊತ್ತಾಗುವುದಿಲ್ಲ, ಪೊಟ್ಟಣದ ಮೇಲಿನ ತಾರೀಖು ನೋಡು. ಮಲಗುವ ಮುಂಚೆ ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡು. ನನಗೆ ರಾತ್ರಿ ಎಚ್ಚರವಾಗುವುದು ಇದಕ್ಕೇ. ಸೋರಿದರೂ ನಿನಗೆ ವಾಸನೆ ಬರುವುದಿಲ್ಲ, ಮನೆಯಲ್ಲಿ ಇನ್ನೊಂದು ಮೂಗಿಲ್ಲ. ಗ್ಯಾಸ್ ಸೋರಿದರೆ ಕೂಗುವ ಅಲಾರಂ ಸಿಗುತ್ತದೆ, ಹಾಕಿಸು. ಆಫ್ ಮಾಡಿದೆ ಅಂತ ದಿನಾ ಒಂದು ಮೆಸೇಜ್ ಹಾಕು. ಬೇಡ, ದಿನಾ ಬೇಡ. ಹಾಕಿದರೆ ಒಳ್ಳೆಯದು.

ಜ್ವರ ಬಂದಿದ್ದನ್ನೇ ಹೇಳದೆ ಒಬ್ಬಳೇ ನಿಭಾಯಿಸಿದೆ. ನಾನು ಅದನ್ನೇ ಅಮ್ಮನ ಹತ್ತಿರ ಜಂಬ ಕೊಚ್ಚಿಕೊಂಡೆ, ಆಮೇಲೆ ನಿನ್ನನ್ನೇ ಬೈದೆ.

ಒಂದು ಕೆಲಸ ಮಾಡು. ಬಾಯಿ ಮುಕ್ಕಳಿಸಿ ನಾಲಿಗೆಯ ಮೇಲೆ ನಾಲ್ಕು ಕಾಳು ಸಕ್ಕರೆ ಇಟ್ಟುಕೋ. ಸಿಹಿ ಗೊತ್ತಾಯಿತಾ, ಇಲ್ಲವಾ, ಬರೆದು ಕಳಿಸು. ಇಲ್ಲ ಅಂದರೆ ಇಲ್ಲ. ನಾನು ತಿಂದು ತೋರಿಸುವುದಿಲ್ಲ.

ನಿನ್ನ
ಅಪ್ಪ