ಹೊಟ್ಟೆನೋವು ಎಂದು ಹೇಳಿದ್ದ

ಕಾಸರಗೋಡು ಜಿಲ್ಲಾ ಪಂಚಾಯತ್ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯರೇ,

ಜಿಲ್ಲೆಯ ಸರಕಾರಿ ಪ್ರೌಢಶಾಲೆಗಳೂ ಜಿಲ್ಲಾ ಆಸ್ಪತ್ರೆಯೂ ನಿಮ್ಮ ಪಂಚಾಯತಿನ ಕೈಯಲ್ಲಿವೆ. ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದ ಒಂದು ರಾತ್ರಿ ಹದಿನಾಲ್ಕರ ನನ್ನ ಮಗ ಹೊಟ್ಟೆನೋವು ಎಂದ. ಅಜ್ಜಿ ಓಮದ ಕಷಾಯ ಕೊಟ್ಟರು. ವಾಂತಿಯಾದಾಗ ಪಿತ್ತ ಕೆದರಿರಬೇಕು ಎಂದುಕೊಂಡೆವು. ಬೆಳಿಗ್ಗೆ ಕಾಲಗಲಿಸಿ ಗೋಡೆ ಹಿಡಿದು ನಿಂತವನನ್ನು ಕಂಡು ಅವನ ಅಪ್ಪ ಜೀಪು ತರಿಸಿದರು. ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕಳುಹಿಸಿದ ಮೇಲೆಯೇ ನೋವು ಎಲ್ಲಿ ಎಂಬುದು ಅವನ ಬಾಯಿಂದ ಬಂದದ್ದು. ವೃಷಣ ತಿರುಚಿಕೊಂಡು ಅದಕ್ಕೆ ರಕ್ತ ಹೋಗುವುದೇ ನಿಂತಿತ್ತು. ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಹೆಚ್ಚಾಗಿ ಉಳಿಯುತ್ತದೆಯಂತೆ. ನಾವು ಹನ್ನೊಂದು ಗಂಟೆ ಕಳೆದಿದ್ದೆವು. ಒಂದನ್ನು ತೆಗೆಯಬೇಕಾಯಿತು. ಇನ್ನೊಂದು ಸರಿಯಿದೆ, ಮುಂದೆ ಮಕ್ಕಳಾಗಲು ಅದು ಸಾಕು ಎಂದು ಡಾಕ್ಟರು ಅವನೆದುರೇ ಹೇಳಿದರು. ಅದೊಂದು ಉಪಕಾರ.

ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದೆ. "ಏನೆಂದು ಹೇಳಲಿ ಅಮ್ಮ?" ಎಂದ. ಮನೆಯಲ್ಲಿ ನಾವು ಆಡುವುದು ತುಳು, ಅವನ ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಮೂರರಲ್ಲಿಯೂ ಆ ಅಂಗಕ್ಕೆ ಅವನು ಕೇಳಿ ಬಲ್ಲ ಶಬ್ದಗಳು ಬೈಗುಳದವು. ಅದನ್ನು ಅಜ್ಜಿಯ ಮುಂದೆ ಹೇಗೆ ಆಡಿಯಾನು? ಹುಡುಗಿಯರಿಗಾದರೆ "ಹೊರಗಾಗಿದ್ದೇನೆ" ಎನ್ನಲು ಒಂದು ಮರೆಯ ಮಾತಾದರೂ ಇದೆ. (ಆ ಮಾತಿನ ಮೇಲೆ ನನಗೆ ಬೇರೆಯೇ ತಕರಾರು ಇದೆ, ಇಲ್ಲಿ ಬೇಡ.) ಹುಡುಗರಿಗೆ ಅದೂ ಇಲ್ಲ.

10ರಿಂದ 19 ವರ್ಷದವರಿಗಾಗಿ 2014ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ತಂದಿತು. ಕ್ಲಿನಿಕ್, ಆಪ್ತಸಮಾಲೋಚನೆ ಎಲ್ಲ ಅದರಲ್ಲಿದೆ. ಆದರೆ ನನ್ನ ಕೈಗೆ ಬಂದ ಕರಪತ್ರ ಮಲಯಾಳದಲ್ಲಿತ್ತು. ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನನ್ನ ಓರಗೆಯ ಅನೇಕ ತಾಯಂದಿರ ಪಾಡೂ ಇದೇ.

ಮಕ್ಕಳಿಗೆ ಪಾಠ ಹೇಳಲು ಶಾಲೆಯಿದೆ. ನಮಗೆ ಹೇಳುವವರು ಬೇಕು. ಮಗ ಬಾಯಿ ಬಿಡದಿದ್ದುದು ನಮ್ಮ ಮುಖ ನೋಡಿ. ಕನ್ನಡ ವಿಭಾಗವಿರುವ ಪ್ರೌಢಶಾಲೆಗಳಲ್ಲಿ ವರ್ಷದ ಮೊದಲ ರಕ್ಷಕ-ಶಿಕ್ಷಕ ಸಭೆ ನಡೆಯುವಾಗ ಸಮವಸ್ತ್ರ, ಬಸ್ ಪಾಸ್‌ಗಳ ಮಾತು ಮುಗಿದ ಮೇಲೆ ಅರ್ಧ ಗಂಟೆ ಇದಕ್ಕೆ ಕೊಡಿಸಿ. ಕನ್ನಡ ಬಲ್ಲ ಆರೋಗ್ಯ ಕಾರ್ಯಕರ್ತರು ಬಂದು ಮಾತಾಡಲಿ. ಅಪ್ಪಂದಿರನ್ನೂ ಕರೆಸಿ, ಜಗಲಿಯಲ್ಲಿ ನಿಲ್ಲಲು ಬಿಡಬೇಡಿ.

ಇನ್ನೊಂದು, ಚೀಟಿ. ಇದು ನನ್ನ ಮಗನದೇ ಯೋಚನೆ. ಒಂದು ದೇಹದ ಚಿತ್ರ, ತೊಂದರೆಯಿರುವಲ್ಲಿ ಗುರುತು ಹಾಕಲು ಜಾಗ, ಕೆಳಗೆ ಒಂದು ಸಾಲು: "ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಈಗ ಏನೂ ಕೇಳಬೇಡಿ." ಅಮ್ಮನ ದಿಂಬಿನ ಮೇಲಿಟ್ಟರೂ ಆಯಿತು. ತೊಡೆಸಂದಿನ ತುರಿ, ಮೂತ್ರದ ಉರಿ, ಎದೆಯ ಗಂಟು, ಎಲ್ಲಕ್ಕೂ ಆಗುತ್ತದೆ. ಅದರ ಬೆನ್ನಿಗೆ ರಕ್ಷಕರಿಗಾಗಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ: ವೃಷಣದಲ್ಲಿ ಥಟ್ಟನೆ ನೋವು ಬಂದರೆ ಬೆಳಗಾಗಲೆಂದು ಕಾಯಬೇಡಿ.

ಇದನ್ನು ಬರೆಯುವ ಮೊದಲು ಅವನನ್ನು ಕೇಳಿದೆ. ಊರಿನ ಹೆಸರು ಹಾಕಬೇಡ, ಉಳಿದದ್ದೆಲ್ಲ ಬರೆ ಎಂದ.

ಇತಿ,
ಮಂಜೇಶ್ವರ ತಾಲೂಕಿನ ಒಬ್ಬ ತಾಯಿ