ಅವನು ನಕ್ಕದ್ದೇಕೆಂದು ಕೇಳಿದೆಯಾ?

ಚಿ. ಸೌ. ಮಗಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸಂಗತಿಗಳನ್ನೆಲ್ಲ ಓದಿ ಸಮಾಧಾನಪಟ್ಟೆ. ಕೊನೆಯ ಆ ಎರಡು ಸಾಲು ಮಾತ್ರ ಮನಸ್ಸಿನಿಂದ ಇಳಿಯುತ್ತಿಲ್ಲ. ಪರದೆಯ ಮೇಲೆ ನಾಯಕ ಒಬ್ಬನನ್ನು ಬಡಿದು ಕೆಡವುವಾಗ ಎಂಟು ವರ್ಷದ ನಿನ್ನ ಮಗ ಗಹಗಹಿಸಿ ನಕ್ಕನೆಂದೂ, ಅವನ ಎದೆ ಕಲ್ಲಾಗುತ್ತಿದೆಯೇ ಎಂದು ನಿನಗೆ ದಿಗಿಲಾಗಿದೆಯೆಂದೂ ಬರೆದಿದ್ದೀಯೆ. ಅವನನ್ನು ಆ ಚಿತ್ರಕ್ಕೆ ಕರೆದೊಯ್ದವರು ಯಾರೆಂಬುದು ನಮಗೆಲ್ಲ ತಿಳಿದದ್ದೇ. ಅದನ್ನು ನಾನು ಎತ್ತುವುದಿಲ್ಲ.

ಮಕ್ಕಳ ನಗು ಯಾವಾಗಲೂ ಸಂತೋಷದ್ದೇ ಆಗಿರುವುದಿಲ್ಲ ತಾಯಿ. ಹೆದರಿಕೆಯನ್ನು ಮುಚ್ಚಿಡಲೂ ನಗುತ್ತಾರೆ, ಸುತ್ತಲಿನ ದೊಡ್ಡವರು ಚಪ್ಪಾಳೆ ತಟ್ಟುವಾಗ ತಾವು ಹಿಂದೆ ಬೀಳಬಾರದೆಂದೂ ನಗುತ್ತಾರೆ. ನಾನು ಅವನಷ್ಟಿದ್ದಾಗ ಅಪ್ಪನ ಪಕ್ಕದಲ್ಲಿ ಕುಳಿತು ಒಂದು ಹೊಡೆದಾಟದ ಚಿತ್ರ ನೋಡಿದ್ದೆ. ಅಪ್ಪ ನಕ್ಕರೆಂದು ನಾನೂ ನಕ್ಕೆ. ಆಮೇಲೆ ಬಹಳ ದಿನ ದೀಪ ಆರಿಸಿದರೆ ನಿದ್ದೆ ಬರುತ್ತಿರಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರು ಇರುವಾಗಲೇ ಹೇಳಬಹುದಿತ್ತಲ್ಲ ಎಂಬ ಕೊರಗು ಈಗಲೂ ಇದೆ. ಹಾಗಾಗಿ ಮೊದಲು ಅವನನ್ನೇ ಕೇಳು: ಆಗ ನಗು ಬಂದದ್ದೇಕೆ, ಏಟು ತಿಂದವನಿಗೆ ಏನಾಯಿತು, ಅವನ ಮನೆಯವರು ಏನು ಮಾಡಿರಬಹುದು. ಗದರಿಸದೆ, ಪರೀಕ್ಷೆಯಂತೆಯೂ ಅಲ್ಲದೆ ಕೇಳಬೇಕು. ಅದು ಸುಲಭವಲ್ಲವೆಂದು ಬಲ್ಲೆ.

ಹಾಗೆಂದು ನಿನ್ನ ಭಯ ಹುಸಿ ಎನ್ನಲಾರೆ. ಶಿಕ್ಷಕಿಯ ತರಬೇತಿಯಲ್ಲಿದ್ದಾಗ, ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1965ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಓದಿದ್ದೆ. ದೊಡ್ಡವನೊಬ್ಬ ಗಾಳಿ ತುಂಬಿದ ಬೊಂಬೆಯನ್ನು ಬಡಿಯುವ ಚಿತ್ರವನ್ನು ಪುಟ್ಟ ಮಕ್ಕಳಿಗೆ ತೋರಿಸಿದರು. ಬಡಿದವನಿಗೆ ಶಿಕ್ಷೆಯಾದದ್ದನ್ನು ಕಂಡ ಮಕ್ಕಳು ಅವನನ್ನು ಅನುಕರಿಸಿದ್ದು ಕಡಿಮೆ. ಆದರೆ ಮಾಡಿ ತೋರಿಸಿದರೆ ಬಹುಮಾನವಿದೆ ಎಂದಾಗ ಆ ಅಂತರವೇ ಅಳಿಸಿಹೋಯಿತು. ಎಲ್ಲರೂ ಕಲಿತಿದ್ದರು, ಕೆಲವರು ತೋರಿಸಿರಲಿಲ್ಲ ಅಷ್ಟೇ. ಬೊಂಬೆಗೆ ಹೊಡೆಯುವುದು ಮನುಷ್ಯನಿಗೆ ಹೊಡೆದಂತಲ್ಲ ಎಂಬ ಆಕ್ಷೇಪವೂ ಇದೆ, ಅದು ನ್ಯಾಯವೇ. ಆದರೂ ಹೊಡೆದವನಿಗೇ ಹಾರ ಬೀಳುವ, ಹೊಡೆಸಿಕೊಂಡವನ ನೋವನ್ನು ಒಂದು ಕ್ಷಣವೂ ತೋರಿಸದ ಚಿತ್ರವನ್ನು ಕಂಡರೆ ನನಗೆ ರಕ್ತ ಹರಿಯುವ ಚಿತ್ರಕ್ಕಿಂತ ಹೆಚ್ಚು ಅಳುಕು. ಆ ನಗು ಅಲ್ಲಿಂದಲೇ ಬಂದಿರಬಹುದೇ ಎಂಬ ಯೋಚನೆ ನನ್ನನ್ನೂ ಬಿಡುತ್ತಿಲ್ಲ.

ಚಿತ್ರದ ಸೆನ್ಸಾರ್ ಪ್ರಮಾಣಪತ್ರ ನೋಡು ಎಂದು ಹೇಳುವುದಕ್ಕೆ ಸಂಕೋಚ, ನೀನು ನೋಡಿಯೇ ನೋಡುತ್ತೀಯೆ. 2023ರ ಚಲನಚಿತ್ರ ಕಾಯಿದೆ ತಿದ್ದುಪಡಿಯಿಂದ, ಮಕ್ಕಳು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದಾದ ಯುಎ ದರ್ಜೆಯೊಳಗೆ 7, 13, 16 ಎಂಬ ವಯಸ್ಸಿನ ಮೂರು ಹಂತಗಳಾಗಿವೆ. ಅವು ಪೋಷಕರಿಗೆ ಕೊಟ್ಟ ಸೂಚನೆ. ಹದಿಮೂರು ಎಂದಿದ್ದರೆ, ಗೆಳೆಯರೆಲ್ಲ ನೋಡಿದ್ದಾರೆಂದು ಅವನು ಎಷ್ಟೇ ಹಟ ಹಿಡಿದರೂ ಬೇಡವೆನ್ನು. ಏಳು ಎಂದಿದ್ದ ಮಾತ್ರಕ್ಕೆ ನಿಶ್ಚಿಂತಳಾಗಬೇಡ. ಆ ಅಂಕಿ ನಿನ್ನ ಮಗನನ್ನು ನೋಡಿ ಬರೆದದ್ದಲ್ಲ. ಸಾಧ್ಯವಾದರೆ ನೀನೇ ಮೊದಲು ನೋಡು, ಬಿಡುವಿಲ್ಲದಿದ್ದರೆ ನೋಡಿದವರನ್ನು ವಿಚಾರಿಸು. ನಡುವೆ ಎದ್ದು ಬರಬೇಕಾದರೆ ನಾಚಿಕೆಪಡಬೇಡ.

ಜೊತೆಗೆ ಆಡುವ ಮಗು ಬಿದ್ದು ಅತ್ತರೆ ಅವನು ಹತ್ತಿರ ಹೋಗುತ್ತಾನೆಯೇ? ಹೋಗುತ್ತಾನಾದರೆ ನಿನ್ನ ದಿಗಿಲು ಅರ್ಧ ಇಳಿಯಲಿ. ಅದನ್ನೂ, ನಕ್ಕದ್ದೇಕೆಂದು ಅವನು ಹೇಳಿದ್ದನ್ನೂ ಅವನ ಮಾತಿನಲ್ಲೇ ಬರೆದು ಕಳಿಸು, ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ