ಲೇಔಟ್‌ನ ಯುಜಿಡಿ (ಒಳಚರಂಡಿ) ಪೈಪು ಮಣ್ಣಿನಲ್ಲಿ ಮುಗಿದಿರುವ ಬಗ್ಗೆ ದೂರು

ಇಂದ:
ಸೈಟ್ ನಂ. 47ರ ಮಾಲೀಕ,
ಎಚ್.ಡಿ. ಕೋಟೆ ರಸ್ತೆ ಕಡೆಯ ನಿಮ್ಮ ಬಡಾವಣೆ, ಮೈಸೂರು

ಗೆ:
ವ್ಯವಸ್ಥಾಪಕ ನಿರ್ದೇಶಕರು,
ಬಡಾವಣೆ ಮಾಡಿ ಮಾರಿದ ಕಂಪನಿ, ಮೈಸೂರು

ದಿನಾಂಕ: 18-11-2025

ವಿಷಯ: ಒಳಚರಂಡಿ ಎಲ್ಲೂ ಸೇರದೆ ನಿಂತಿರುವುದು, ನೀರು, ಪಾರ್ಕ್ ಹಾಗೂ ಮೆಂಟೆನೆನ್ಸ್ ಠೇವಣಿ ಕುರಿತು.

ಮಾನ್ಯರೇ,

ಇದು ನಾನು ನಿಮಗೆ ಬರೆಯುತ್ತಿರುವ ನಾಲ್ಕನೇ ಪತ್ರ. ಮೊದಲ ಮೂರಕ್ಕೆ ಉತ್ತರ ಬಂದಿಲ್ಲ. ವಾಟ್ಸಾಪ್‌ನಲ್ಲಿ ಮಾತ್ರ ನಿಮ್ಮ ಆಫೀಸಿನ ಹುಡುಗ ಪ್ರತಿ ಸಲವೂ ಕೈಮುಗಿದ ಚಿತ್ರ ಕಳಿಸುತ್ತಾನೆ. ಅವನ ಮೇಲೆ ನನಗೆ ಕೋಪ ಇಲ್ಲ, ಪಾಪ, ಅವನ ಕೈಲಿ ಇರುವುದು ಅಷ್ಟೇ. ಅದಕ್ಕೇ ಈ ಸಲ ನೇರವಾಗಿ ನಿಮ್ಮ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ನೆನಪಿಗೆ ಹೇಳುತ್ತೇನೆ. 30-40 ಸೈಟು, ಚದರಡಿಗೆ 1,900ರಂತೆ 22 ಲಕ್ಷ 80 ಸಾವಿರ. ಅದರ ಮೇಲೆ ಮೆಂಟೆನೆನ್ಸ್ ಠೇವಣಿ ಅಂತ 60 ಸಾವಿರ. 2021ರ ಸೆಪ್ಟೆಂಬರ್‌ನಲ್ಲಿ ಕ್ರಯಪತ್ರ ಆಯಿತು, ಅದೇ ವಾರ ಸೈಟು ವಶಕ್ಕೆ ಕೊಟ್ಟ ಪತ್ರವನ್ನೂ ಕೊಟ್ಟಿರಿ. ನಾನು ಅಶೋಕಪುರಂ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು. ಬಂದ ದುಡ್ಡಿನಲ್ಲಿ ಮಗಳ ಮದುವೆ ಆಗಿ ಉಳಿದದ್ದು ಈ ಮಣ್ಣಿಗೆ ಬಿತ್ತು. ಮನೆ ಕಟ್ಟಿ 2024ರ ಫೆಬ್ರವರಿಯಲ್ಲಿ ಗೃಹಪ್ರವೇಶ ಮಾಡಿದೆವು. ನಿಮ್ಮ ಕಂಪನಿಯಿಂದ ಒಂದು ಗೋಡೆ ಗಡಿಯಾರವೂ ಬಂದಿತ್ತು. ಅದು ಚೆನ್ನಾಗಿ ನಡೆಯುತ್ತಿದೆ.

ನಡೆಯದೇ ಇರುವುದು ಒಳಚರಂಡಿ.

ನಿಮ್ಮ ಬ್ರೋಷರ್ ಈಗಲೂ ನನ್ನ ಹತ್ತಿರ ಇದೆ. ಎರಡನೇ ಪುಟದಲ್ಲಿ ಹಸಿರು ಟಿಕ್ ಹಾಕಿ ‘ಯುಜಿಡಿ ಸಂಪೂರ್ಣ’, ‘ಕಬಿನಿ ನೀರು’, ‘ಮಕ್ಕಳ ಪಾರ್ಕ್’, ‘ಎಕ್ಸ್‌ಪ್ರೆಸ್‌ವೇ ಆದಮೇಲೆ ಬೆಂಗಳೂರು 90 ನಿಮಿಷ’ ಎಂದು ಅಚ್ಚಾಗಿದೆ. ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಟಿಕ್ ಹಾಕಿದ್ದರಲ್ಲಿ ಆಗಿದ್ದು ಅದೊಂದೇ, ಅದನ್ನು ಕಟ್ಟಿದ್ದು ನೀವಲ್ಲ.

ಈಗ ದೀಪಾವಳಿಯ ವಿಷಯಕ್ಕೆ ಬರುತ್ತೇನೆ. ನರಕ ಚತುರ್ದಶಿ ದಿನ ಬೆಳಿಗ್ಗೆ ಮನೆಯಲ್ಲಿ ಒಂಬತ್ತು ಜನ. ಮಗಳು, ಅಳಿಯಂದಿರು, ಮೊಮ್ಮಕ್ಕಳು ಬೆಂಗಳೂರಿನಿಂದ ಬಂದಿದ್ದರು. ಹಿಂದಿನ ದಿನವೇ ನನ್ನ ಹೆಂಡತಿ ಹಂಡೆ ತೊಳೆದು ನೀರು ತುಂಬಿ, ಹೂವು ಸುತ್ತಿ ಇಟ್ಟಿದ್ದಳು. ರಾತ್ರಿ ಮಳೆ ಬಂದಿತ್ತು. ಮೊದಲು ಚಿಕ್ಕ ಮೊಮ್ಮಗನಿಗೆ ಎಣ್ಣೆ ಹಚ್ಚಿ ಕೂರಿಸಿದರು. ಎರಡನೇ ಚೊಂಬು ನೀರು ಹುಯ್ಯುವಷ್ಟರಲ್ಲಿ ಬಚ್ಚಲಿನ ಜಾಲರಿಯಿಂದ ನೀರು ಮೇಲಕ್ಕೆ ಬಂತು. ಬರೀ ನೀರಲ್ಲ. ಏನು ಬಂತು ಅಂತ ಪತ್ರದಲ್ಲಿ ಬರೆಯೋಕೆ ನನಗೇ ಮುಜುಗರ. ಮಗುವನ್ನು ಎತ್ತಿಕೊಂಡು ಹೊರಗೆ ಓಡಿದರು. ಈ ವರ್ಷದ ಎಣ್ಣೆಸ್ನಾನ ನಮ್ಮ ಮನೆಯಲ್ಲಿ ಅಂಗಳದ ನಲ್ಲಿ ಹತ್ತಿರ ಆಯಿತು. ಎದುರು ಮನೆಯಲ್ಲೂ ಅದೇ ಕತೆ, ಮೂಲೆ ಮನೆಯವರಲ್ಲೂ ಅದೇ.

ನಿಮ್ಮ ಸೈಟ್ ಇಂಜಿನಿಯರ್ ಫೋನಿನಲ್ಲಿ ‘ಬ್ಲಾಕ್ ಆಗಿರುತ್ತೆ ಸರ್, ಒಬ್ಬನನ್ನ ಕಳಿಸಿ ಒಳಗೆ ಇಳಿಸಿ ಕ್ಲಿಯರ್ ಮಾಡಿಸ್ತೀನಿ’ ಎಂದರು. ಬೇಡ ಅಂದೆ. ಮ್ಯಾನ್‌ಹೋಲ್‌ಗೆ ಹೀಗೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ ಎಂದು ಅವರಿಗೆ ತಿಳಿಯದೇ ಇರಲಾರದು. ಗ್ಯಾಸ್ ಕುಡಿದು ಒಬ್ಬ ಹೋದರೆ ಯಾರ ಮನೆ ದೀಪ ಆರುತ್ತೆ? ಇಂಥ ಮಾತು ಇನ್ನೊಮ್ಮೆ ನಿಮ್ಮ ಕಡೆಯಿಂದ ಬಂದರೆ ಅದನ್ನೇ ಬೇರೆ ದೂರಾಗಿ ಕೊಡುತ್ತೇನೆ.

ಬ್ಲಾಕ್ ಎಲ್ಲಿ ಎಂದು ನಾವೇ ನೋಡಿದೆವು. ಫಿಟ್ಟರ್ ಕೆಲಸ ಮಾಡಿದವನಿಗೆ ಪೈಪು ಅಂದರೆ ಸುಮ್ನೆ ಕೂರಲು ಆಗುವುದಿಲ್ಲ. ಮಳೆ ನಿಂತು ನಾಲ್ಕು ದಿನ ಬಿಟ್ಟು, ಎರಡು ಬಕೆಟ್ ನೀರಿಗೆ ಕಾಲು ಕೆಜಿ ಅರಿಶಿನ ಕಲಸಿ ನಮ್ಮ ಮನೆ ಮುಂದಿನ ಚೇಂಬರ್‌ಗೆ ಸುರಿದೆ. ಹಿಂದೆಯೇ ಪಕ್ಕದ ಮನೆಯವರ ಸಂಪಿನಿಂದ ಪೈಪು ಹಿಡಿದು ನೀರು ಬಿಟ್ಟೆವು. ಆಮೇಲೆ ಹಾರೆ ಹಿಡಿದು ಒಂದೊಂದೇ ಮುಚ್ಚಳ ಎತ್ತುತ್ತಾ, ಮೂಗಿಗೆ ಟವೆಲ್ ಕಟ್ಟಿಕೊಂಡು ದೂರದಿಂದಲೇ ಬಗ್ಗಿ ನೋಡುತ್ತಾ ಕೆಳಗಡೆಗೆ ಹೋದೆವು. ಮಕ್ಕಳೆಲ್ಲ ಹಿಂದೆ ಹಿಂದೆ. ಐದನೇ ಮ್ಯಾನ್‌ಹೋಲ್‌ನಲ್ಲಿ ಹಳದಿ ನೀರು ಬಂತು, ಆರರಲ್ಲಿ ಬಂತು, ಏಳರಲ್ಲಿ ಬಂದು ನಿಂತಿತು. ಎಂಟನೆಯದರಲ್ಲಿ ಒಂದು ತೊಟ್ಟು ನೀರಿಲ್ಲ. ಜೇಡರ ಬಲೆ ಇತ್ತು, ಸ್ವಾಮಿ. ಒಣಗಿದ ಸಿಮೆಂಟು, ಅದರ ಮೇಲೆ ಗಾರೆಯವನ ಕರಣೆ ಗೆರೆ ಹೊಸದರ ಹಾಗೇ ಇತ್ತು. ಆ ಮ್ಯಾನ್‌ಹೋಲ್ ಕಟ್ಟಿದ ದಿನದಿಂದ ಇವತ್ತಿನವರೆಗೆ ಅದಕ್ಕೆ ಕೊಳಚೆ ನೀರು ತಾಗಿಯೇ ಇಲ್ಲ.

ಏಳಕ್ಕೂ ಎಂಟಕ್ಕೂ ಬಾಯಿಯ ಮಟ್ಟಕ್ಕೆ ಟ್ಯೂಬ್ ಲೆವೆಲ್ ಹಿಡಿದು, ಅಲ್ಲಿಂದ ಟೇಪು ಇಳಿಬಿಟ್ಟು ಪೈಪಿನ ತಳ ಅಳೆದೆವು. ಮುಂದಿನ ಪೈಪು ಹಿಂದಿನದಕ್ಕಿಂತ ಮೂರು ಇಂಚು ಮೇಲಿದೆ. ನೀರು ಏರಿ ಹೋಗಬೇಕು ಎಂದು ನಿಮ್ಮ ಕಾಂಟ್ರ್ಯಾಕ್ಟರ್ ಅಂದುಕೊಂಡಿದ್ದರೇನೋ. ಅಪ್ರೂವ್ ಆದ ನಕ್ಷೆಯಲ್ಲಿ ಎಂಟರಿಂದ ಮುಂದೆ ಮುಖ್ಯರಸ್ತೆಯ ದೊಡ್ಡ ಲೈನಿಗೆ ಸೇರುವ ಗೆರೆ ಇದೆ. ಆ ಗೆರೆಯ ಮೇಲೆಯೇ ಅಗೆದೆವು. ಹನ್ನೆರಡು ಅಡಿ ಆಚೆಗೆ ಪೈಪು ಮುಗಿಯಿತು. ಬಾಯಿಗೆ ಖಾಲಿ ಸಿಮೆಂಟ್ ಚೀಲ ತುರುಕಿದೆ. ಅದರ ಮುಂದೆ ಕೆಂಪು ಮಣ್ಣು, ಅಷ್ಟೇ. ಫೋಟೋ ಲಗತ್ತಿಸಿದ್ದೇನೆ.

ಹಾಗಾದರೆ ಒಂದೂಮುಕ್ಕಾಲು ವರ್ಷ ನಮ್ಮ ಕೊಳಚೆ ಎಲ್ಲಿಗೆ ಹೋಯಿತು? ಏಳನೇ ಮ್ಯಾನ್‌ಹೋಲ್‌ನ ಗೋಡೆಯಲ್ಲಿ ಕೈ ತೂರುವಷ್ಟು ದೊಡ್ಡ ತೂತು ಇದೆ. ಅಂಚು ನೀಟಾಗಿದೆ, ಯಾರೋ ಉಳಿ ಹಿಡಿದು ಹೊಡೆದದ್ದು. ಅಲ್ಲಿಂದ ಮಳೆನೀರಿನ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಊರ ಕೆರೆಗೆ. ಮಳೆ ಜೋರಾಗಿ ಬಂದು ಚರಂಡಿ ತುಂಬಿದರೆ ಅದೇ ತೂತಿನಿಂದ ನೀರು ವಾಪಸ್ ಒಳಗೆ ನುಗ್ಗಿ, ನಮ್ಮ ಬಚ್ಚಲಿಗೆ ಬರುತ್ತೆ. ನಾಲ್ಕು ಮನೆ ಇದ್ದಾಗ ಇದು ಗೊತ್ತಾಗಲಿಲ್ಲ. ಈಗ 32 ಮನೆ ಆಗಿದೆ. ಮೈಸೂರಿನ ಕೊಳಚೆ ಶುದ್ಧ ಮಾಡಲು ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆಗಳಲ್ಲಿ ಘಟಕಗಳಿವೆ. ನಮ್ಮದು ಯಾವುದಕ್ಕೂ ಹೋಗುತ್ತಿಲ್ಲ. ಕೆರೆ ಕೆಳಗಿನ ಹೊಲದವರು ಮೊನ್ನೆ ಬಂದು ‘ನಿಮ್ಮ ಲೇಔಟ್ ನೀರು ನಮ್ಮ ಹಸು ಕುಡೀತಿಲ್ಲ’ ಎಂದರು. ಜಗಳಕ್ಕೆ ಬಂದದ್ದಲ್ಲ, ಹಾಗೆ ಹೇಳಿ ಹೋದರು. ಅದಕ್ಕೆ ನಾನು ಏನು ಉತ್ತರ ಕೊಡಲಿ ಹೇಳಿ.

ನಿಮ್ಮ ಆಫೀಸಿನಿಂದ ಬರುವ ಮಾತು ದಿನಕ್ಕೊಂದು ಥರ. ಒಂದು ದಿನ ‘ಪಂಚಾಯಿತಿಗೆ ಹಸ್ತಾಂತರ ಆಗಿದೆ ಸರ್, ಅವರನ್ನೇ ಕೇಳಿ’. ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಹಾಕಿದೆ. ಬಡಾವಣೆ ಇನ್ನೂ ಹಸ್ತಾಂತರವಾಗಿಲ್ಲ ಎಂದು ಲಿಖಿತವಾಗಿ ಬಂದಿದೆ, ಪ್ರತಿ ಲಗತ್ತಿಸಿದ್ದೇನೆ. ಇನ್ನೊಂದು ದಿನ ‘ಟ್ರಂಕ್ ಲೈನೇ ಈ ಕಡೆ ಬಂದಿಲ್ಲ, ನಾವೇನು ಮಾಡೋಣ’. ಟ್ರಂಕ್ ಲೈನ್ ಅಂದರೆ ಮುಖ್ಯರಸ್ತೆಯ ಆ ದೊಡ್ಡ ಲೈನು. ಬಂದಿಲ್ಲ ಅಂದರೆ ‘ಯುಜಿಡಿ ಸಂಪೂರ್ಣ’ ಎಂದು ಅಚ್ಚು ಹಾಕಿಸಿದ್ದು ಯಾರು? ಲೈನು ಬರುವ ತನಕ ಬಡಾವಣೆಯೊಳಗೇ ಒಂದು ಸಣ್ಣ ಶುದ್ಧೀಕರಣ ಘಟಕ ಮಾಡಬಹುದಿತ್ತು. ಅದಕ್ಕೆ ಒಂದೆರಡು ಸೈಟಿನ ಜಾಗ ಹೋಗುತ್ತಿತ್ತು. ಆ ಸೈಟು ಮಾರಿದಿರಿ, ಅಲ್ವಾ?

ಊರು ಬೆಳೆಯುವುದೇ ಬೇಡ ಅನ್ನುವವನು ನಾನಲ್ಲ. ನಮ್ಮ ಮನೆ ನಿಂತಿರುವುದೂ ಯಾರದೋ ರಾಗಿ ಹೊಲದ ಮೇಲೆಯೇ. 2011ರ ಜನಗಣತಿ ಹೊತ್ತಿಗೇ ಮೈಸೂರು ಒಂಬತ್ತು ಲಕ್ಷದ ಹತ್ತಿರ ಇತ್ತು. ಈಗ ರಿಂಗ್ ರೋಡ್ ದಾಟಿ ಆಚೆಗೂ ಬಡಾವಣೆ. ಹೂಟಗಳ್ಳಿ ನಗರಸಭೆ ಆಗಿದೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಆಗಿವೆ. ಆಗಲಿ. ಆದರೆ ಈ ಊರಿಗೆ ಬಡಾವಣೆ ಮಾಡುವುದು ಹೊಸದೇನಲ್ಲ. ಪ್ಲೇಗು ಬಂದು ಜನ ಸತ್ತ ಮೇಲೆ 1903ರಲ್ಲೇ ಇಲ್ಲಿ ಸಿಐಟಿಬಿ, ಅಂದರೆ ನಗರ ಸುಧಾರಣೆಯ ಮಂಡಳಿ, ಆಯಿತು. ನಾನು ಹುಟ್ಟಿ ಬೆಳೆದದ್ದು ಕೃಷ್ಣಮೂರ್ತಿಪುರಂನ ಬಾಡಿಗೆ ಮನೆಯಲ್ಲಿ. ಮನೆ ಹಿಂದೆ ಕನ್ಸರ್ವೆನ್ಸಿ ಇತ್ತು. ನಿಮ್ಮ ಆಫೀಸಿನ ಹುಡುಗನಿಗೆ ಆ ಪದ ಗೊತ್ತೋ ಇಲ್ಲವೋ. ಮನೆಗಳ ಬೆನ್ನಿಗೆ ಬಿಟ್ಟ ಓಣಿ ಅದು, ಹೊಲಸು ಹೊರಗೆ ಹೋಗುವುದಕ್ಕೆ ಅಂತಲೇ ಬಿಟ್ಟ ಜಾಗ. ನಾವು ಅಲ್ಲಿ ಗೋಲಿ ಆಡಿ ಏಟು ತಿಂದಿದ್ದೇವೆ. ಕಂಪ್ಯೂಟರ್ ಇಲ್ಲದ ಕಾಲದವರು ಹೊಲಸು ಯಾವ ಕಡೆ ಹೋಗಬೇಕು ಅಂತ ಮೊದಲು ಯೋಚಿಸಿ ಆಮೇಲೆ ಮನೆಗೆ ಗೆರೆ ಹಾಕಿದ್ದರು. ನೀವು ಆರ್ಚ್ ಮೊದಲು ಕಟ್ಟಿಸಿದಿರಿ. ಆರ್ಚಿಗೆ ಲೈಟೂ ಇದೆ.

ನೀರಿನ ವಿಷಯ ಜಾಸ್ತಿ ಬೆಳೆಸುವುದಿಲ್ಲ. ಕಬಿನಿ ನೀರು ಬಂದಿಲ್ಲ. ಎರಡು ಬೋರ್‌ವೆಲ್‌ನಲ್ಲಿ ಒಂದು ಏಪ್ರಿಲ್‌ನಲ್ಲೇ ಗಾಳಿ ಉಗುಳಿತು. ಬೇಸಿಗೆಯಲ್ಲಿ ಟ್ಯಾಂಕರ್‌ಗೆ 700 ರೂಪಾಯಿ, ತಿಂಗಳಿಗೆ ನಾಲ್ಕು. ಬಿಲ್ಲು ಇಟ್ಟಿದ್ದೇನೆ.

ಪಾರ್ಕ್ ಇನ್ನೊಂದು. ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಜಾಗದ ಪೂರ್ವದ ಅಂಚಿನಲ್ಲಿ ಕಳೆದ ತಿಂಗಳು ಮೂರು ಸೈಟ್ ಕಲ್ಲು ನೆಟ್ಟಿದ್ದಾರೆ. ಸುಣ್ಣ ಹೊಡೆದು 91ಎ, 91ಬಿ, 91ಸಿ ಎಂದು ಬರೆದಿದ್ದಾರೆ. 91 ಎಂಬ ಸೈಟೇ ನಮ್ಮ ನಕ್ಷೆಯಲ್ಲಿಲ್ಲ, 90ಕ್ಕೇ ಮುಗಿಯುತ್ತೆ! ಆ ಕಲ್ಲು ಯಾರು ನೆಟ್ಟರು ಎಂದು ಕೇಳಿದರೆ ನಿಮ್ಮವರಿಗೆ ಗೊತ್ತಿಲ್ಲವಂತೆ. ಹಾಗಾದರೆ ಅವನ್ನು ಕಿತ್ತು ಹಾಕಲು ನಿಮಗೆ ತಕರಾರು ಇರಬಾರದು.

ಕಾನೂನು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ಬರೆಯುತ್ತೇನೆ. ನಿಮ್ಮ ಬಡಾವಣೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಆಗಿದೆ. 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ವಶಕ್ಕೆ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕೆಲಸದಲ್ಲಾಗಲಿ ಕೊಡಬೇಕಾದ ಸೌಲಭ್ಯದಲ್ಲಾಗಲಿ ದೋಷ ಕಂಡು ತಿಳಿಸಿದರೆ, 30 ದಿನದೊಳಗೆ ಬಿಟ್ಟಿಯಾಗಿ ಸರಿಮಾಡಿ ಕೊಡಬೇಕು. ನನ್ನ ಐದು ವರ್ಷ ಮುಗಿಯುವುದು 2026ರ ಸೆಪ್ಟೆಂಬರ್‌ಗೆ. ‘ನೋಡೋಣ ಸರ್, ಮಾಡೋಣ ಸರ್’ ಎಂದು ಅಲ್ಲಿಯವರೆಗೆ ತಳ್ಳುವ ಯೋಚನೆ ಇದ್ದರೆ, ಈ ಪತ್ರವೇ ನನ್ನ ತಿಳುವಳಿಕೆ ಪತ್ರ. ಅದೇ ಸೆಕ್ಷನ್ ಪ್ರಕಾರ ಮೂರನೇ ಎರಡರಷ್ಟು ಸೈಟುದಾರರು ಬರೆದು ಒಪ್ಪದೆ ನಕ್ಷೆ ಬದಲಿಸುವ ಹಾಗಿಲ್ಲ, ಪಾರ್ಕಿನ ಕಲ್ಲಿಗೆ ಇದು ಅನ್ವಯಿಸುತ್ತೆ. ನಂಬಿ ಕೊಂಡ ಜಾಹೀರಾತು ಸುಳ್ಳಾದರೆ ಏನು ಅನ್ನುವುದು 12ನೇ ಸೆಕ್ಷನ್‌ನಲ್ಲಿದೆ. ಬ್ರೋಷರ್ ಜೋಪಾನವಾಗಿದೆ.

ನಾವು ಕೇಳುವುದು ಇಷ್ಟು. 30 ದಿನದೊಳಗೆ ಏಳರಿಂದ ಎಂಟಕ್ಕೆ ಪೈಪು ಕಿತ್ತು ಸರಿಯಾದ ಇಳಿಜಾರಿನಲ್ಲಿ ಹಾಕಿ, ಆ ತೂತು ಮುಚ್ಚಿ, ಅನುಮತಿ ಪಡೆದು ಲೈನನ್ನು ಮುಖ್ಯರಸ್ತೆಗೆ ಸೇರಿಸಿ. ಟ್ರಂಕ್ ಲೈನ್ ನಿಜವಾಗಿಯೂ ಇಲ್ಲ ಎಂದಾದರೆ ಅದನ್ನು ಲೆಟರ್‌ಹೆಡ್‌ನಲ್ಲಿ ಸಹಿ ಹಾಕಿ ಕೊಡಿ, ಮತ್ತು ಬದಲಿಗೆ ಶುದ್ಧೀಕರಣಕ್ಕೆ ಏನು ಮಾಡುತ್ತೀರಿ ಎಂದು ಅದರಲ್ಲೇ ಬರೆಯಿರಿ. ಕೆಲಸ ಮುಗಿಯುವ ತನಕ ವಾರಕ್ಕೊಮ್ಮೆ ಕೊಳಚೆ ಹೀರುವ ಸಕಿಂಗ್ ಗಾಡಿ ನಿಮ್ಮ ಖರ್ಚಿನಲ್ಲಿ ಬರಬೇಕು. ಹೊಲದವರ ಕೆರೆಗೆ ಇನ್ನೊಂದು ತೊಟ್ಟೂ ಹೋಗಬಾರದು. ಪಾರ್ಕಿನ ಕಲ್ಲು ತೆಗೆಸಿ. ನಮ್ಮಿಂದ ತಲಾ 60 ಸಾವಿರದಂತೆ ಪಡೆದ ಠೇವಣಿ ಯಾವ ಬ್ಯಾಂಕ್ ಖಾತೆಯಲ್ಲಿದೆ, ಇದುವರೆಗೆ ಯಾವುದಕ್ಕೆ ಖರ್ಚಾಗಿದೆ ಎಂಬ ಲೆಕ್ಕ ಕೊಡಿ. ಆರ್ಚಿನ ಲೈಟಿನ ಕರೆಂಟು ಬಿಲ್ಲು ಅದರಿಂದ ಹೋಗುತ್ತಿದ್ದರೆ ಅದನ್ನೂ ಬರೆಯಿರಿ.

ಇಲ್ಲದಿದ್ದರೆ ಡಿಸೆಂಬರ್ ಕೊನೆಯ ವಾರ ರೇರಾದಲ್ಲಿ ದೂರು ಹಾಕುತ್ತೇವೆ. 32 ಮನೆಯಲ್ಲಿ 29 ಮನೆಯವರು ಸಹಿ ಹಾಕಿದ್ದಾರೆ. ಉಳಿದ ಮೂವರಲ್ಲಿ ಇಬ್ಬರು ದುಬೈನಲ್ಲಿದ್ದಾರೆ. ಇನ್ನೊಬ್ಬರು ನಿಮ್ಮ ನೆಂಟರಂತೆ, ಅವರಿಗೆ ಒತ್ತಾಯ ಮಾಡಲಿಲ್ಲ. ಆದರೆ ಅವರ ಬಚ್ಚಲಿಗೂ ಬರುತ್ತಿದೆ.

ಬ್ರೋಷರ್, ಅಪ್ರೂವ್ಡ್ ನಕ್ಷೆ, ಕ್ರಯಪತ್ರ, ವಶಪತ್ರ, ಠೇವಣಿ ರಸೀದಿ, ಆರ್‌ಟಿಐ ಉತ್ತರ, ಟ್ಯಾಂಕರ್ ಬಿಲ್ಲುಗಳ ಪ್ರತಿ ಮತ್ತು 14 ಫೋಟೋ ಇದರ ಜೊತೆಗಿವೆ.

ಜೆಸಿಬಿ ಕಳಿಸುವ ಹಿಂದಿನ ದಿನ ಒಂದು ಫೋನ್ ಮಾಡಿಸಿ. ನಾನು ಮನೆಯಲ್ಲೇ ಇರುತ್ತೇನೆ. ಪೈಪು ಮುಗಿದ ಜಾಗದ ಗುಂಡಿ ಮುಚ್ಚಿ, ಅದರ ಮೇಲೆ ಕೆಂಪು ಬಟ್ಟೆ ಕಟ್ಟಿದ ಸರ್ವೆ ಕೋಲು ನೆಟ್ಟಿದ್ದೇನೆ. ನಿಮ್ಮವರು ಹುಡುಕುವ ಕೆಲಸ ಇಲ್ಲ.

ಇಂತಿ ತಮ್ಮ ವಿಶ್ವಾಸಿ,
ಸೈಟ್ ನಂ. 47ರ ಮಾಲೀಕ
(ಜೊತೆಗೆ 28 ಮನೆಯವರ ಸಹಿ)